ಡಾಂಬರು ಕಾಲುದಾರಿ ಬಾಳಿಕೆ ಬರಬೇಕಾದರೆ: ಮಣ್ಣಿನಿಂದ ಮೇಲ್ಮೈವರೆಗೆ

ಡಾಂಬರು ಹಾಕಿದ ಕಾಲುದಾರಿ ಜನ ನಡೆದು ಸವೆಯುವುದಿಲ್ಲ. ಎಷ್ಟೇ ಜನ ಓಡಾಡಿದರೂ, ಸೈಕಲ್ ತುಳಿದರೂ ಅದಕ್ಕೆ ಅದು ಭಾರವೇ ಅಲ್ಲ. ಅದು ಹಾಳಾಗುವುದು ಅಡಿಯಲ್ಲಿ ನಿಂತ ನೀರಿನಿಂದ, ಪಕ್ಕದ ಮರದ ಬೇರಿನಿಂದ, ಆಸರೆ ಇಲ್ಲದ ಅಂಚಿನಿಂದ. ಇವು ಮೂರೂ ಇಲ್ಲದಿದ್ದರೂ ಬಿಸಿಲು, ಗಾಳಿಗೆ ಬಿಟುಮೆನ್ (ಡಾಂಬರಿನ ಕಲ್ಲುಗಳನ್ನು ಹಿಡಿದಿಡುವ ಕಪ್ಪು ಅಂಟು) ನಿಧಾನವಾಗಿ ಗಡುಸಾಗಿ ಬಿರುಕು ಬಿಡುತ್ತದೆ. ರಸ್ತೆಯ ಕಥೆ ಬೇರೆ, ಅಲ್ಲಿ ಲಾರಿಗಳ ಭಾರವೇ ಮೊದಲ ಶತ್ರು. ಹಾಗಾಗಿ ರಸ್ತೆಯ ವಿಧಾನವನ್ನೇ ತೆಗೆದುಕೊಂಡು, ದಪ್ಪವನ್ನು ಮಾತ್ರ ಅರ್ಧ ಮಾಡಿ ಕಾಲುದಾರಿ ಹಾಕಿದರೆ ಅದು ಬಾಳುವುದಿಲ್ಲ. ದುಡ್ಡನ್ನೂ ಶ್ರಮವನ್ನೂ ಅಡಿಗೆ ಮತ್ತು ಪಕ್ಕಕ್ಕೆ ಹಾಕಬೇಕು. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಹಾಗಂತ ಭಾರದ ಲೆಕ್ಕವನ್ನು ಪೂರ್ತಿ ಬಿಡುವ ಹಾಗಿಲ್ಲ. ಕಸದ ಗಾಡಿ, ಕೊಂಬೆ ಕತ್ತರಿಸಲು ಬರುವ ಟ್ರಕ್, ಆಂಬುಲೆನ್ಸ್ ಇವು ಅಪರೂಪಕ್ಕೆ ಬಂದರೂ ಬಂದೇ ಬರುತ್ತವೆ. ಮಳೆಗೆ ಮಣ್ಣು ನೆನೆದಿರುವಾಗ ಬಂದರಂತೂ ತೆಳು ದಾರಿಯ ಅಂಚು ಒಂದೇ ಓಡಾಟಕ್ಕೆ ಮುರಿಯುತ್ತದೆ. ಆದ್ದರಿಂದ ಕೆಲಸ ಶುರು ಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ದಾರಿಗೆ ಬರಬಹುದಾದ ಅತಿ ಭಾರದ ಗಾಡಿ ಯಾವುದು? ಜನ ಮತ್ತು ಸೈಕಲ್ ಮಾತ್ರ ಎಂದಾದರೆ ಡಾಂಬರಿನ ದಪ್ಪ 50 ಮಿ.ಮೀ. ಸಾಕು. ಗಾಡಿ ಬರುತ್ತದೆ ಎಂದಾದರೆ 75 ಮಿ.ಮೀ. ಹಾಕಿ. ಈ ದಪ್ಪ ರೋಲರ್ ಹೊಡೆದ ಮೇಲೆ ಉಳಿಯುವ ದಪ್ಪ, ಸುರಿದಾಗಿನ ದಪ್ಪ ಅಲ್ಲ. ಸುರಿದದ್ದು ದಮ್ಮಸ್ಸು ಆದಾಗ, ಅಂದರೆ ಒತ್ತಿ ಬಿಗಿಯಾದಾಗ, ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ.

ದಾರಿ ಎಲ್ಲಿ ಹೋಗಬೇಕು, ಎಷ್ಟು ಅಗಲ

ಒಳ್ಳೆಯ ಮಳೆ ಬಂದು ನಿಂತ ಮೇಲೆ ಜಾಗವನ್ನು ನಡೆದು ನೋಡಿ. ನೀರು ಎಲ್ಲಿ ನಿಂತಿದೆ, ಯಾವ ಕಡೆಯಿಂದ ಹರಿದು ಬರುತ್ತಿದೆ, ಎಲ್ಲಿ ಕಾಲು ಹೂತುಕೊಳ್ಳುತ್ತಿದೆ ಎಂಬುದಕ್ಕೆ ಗೂಟ ಹೊಡೆದು ಗುರುತು ಹಾಕಿ. ನಕ್ಷೆಯಲ್ಲಿ ಕಾಣದ ಎಷ್ಟೋ ವಿಷಯ ಆಗ ಕಣ್ಣಿಗೆ ಬೀಳುತ್ತದೆ. ಜೊತೆಗೆ ಜನ ಈಗಾಗಲೇ ಹುಲ್ಲಿನ ಮೇಲೆ ನಡೆದು ಮಾಡಿಕೊಂಡಿರುವ ಜಾಡನ್ನೂ ನೋಡಿ. ನೀವು ಚೆಂದಕ್ಕೆ ಹಾಕಿದ ತಿರುವನ್ನು ಜನ ಅಡ್ಡ ಕತ್ತರಿಸಿ ನಡೆದೇ ನಡೆಯುತ್ತಾರೆ. ಆಗ ಒಳಗಿನ ಅಂಚಿನ ಮಣ್ಣು ಸವೆದು ಡಾಂಬರಿನ ಪಕ್ಕಕ್ಕೆ ಆಸರೆಯೇ ಇಲ್ಲವಾಗುತ್ತದೆ.

ಇಬ್ಬರು ಜೊತೆಯಾಗಿ ನಡೆಯಲು 1.5ರಿಂದ 1.8 ಮೀಟರ್ ಅಗಲ ಬೇಕು. ನಡೆಯುವವರು, ಸೈಕಲ್‌ನವರು ಇಬ್ಬರೂ ಬಳಸುವ ದಾರಿಗೆ 3 ಮೀಟರ್ ಇದ್ದರೆ ಒಳ್ಳೆಯದು. ಉದ್ದಕ್ಕೆ ಏರು ಶೇ. 5 ದಾಟದಂತೆ ನೋಡಿಕೊಳ್ಳಿ, ಅಂದರೆ 20 ಮೀಟರ್ ನಡೆದರೆ 1 ಮೀಟರ್ ಏರು. ಅದಕ್ಕಿಂತ ಜಾಸ್ತಿ ಆದರೆ ಗಾಲಿಕುರ್ಚಿಯವರಿಗೆ, ವಯಸ್ಸಾದವರಿಗೆ ಕಷ್ಟ. ಅಡ್ಡ ಇಳಿಜಾರು ಶೇ. 1.5ರಿಂದ 2ರ ಒಳಗೆ ಇರಲಿ. ಎರಡು ಮೀಟರ್ ಅಗಲದ ದಾರಿಯಲ್ಲಿ ಶೇ. 2 ಅಂದರೆ ಒಂದು ಅಂಚು ಇನ್ನೊಂದಕ್ಕಿಂತ 40 ಮಿ.ಮೀ. ತಗ್ಗು. ಶೇ. 1.5ಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, 2ಕ್ಕಿಂತ ಜಾಸ್ತಿಯಾದರೆ ಗಾಲಿಕುರ್ಚಿ ಒಂದು ಕಡೆಗೆ ಎಳೆಯುತ್ತದೆ.

ಮಣ್ಣಿನ ಕೆಲಸ

ಮೊದಲು ಮೇಲ್ಮಣ್ಣು ತೆಗೆಯಿರಿ. ಹುಲ್ಲು, ಬೇರು, ಕೊಳೆತ ಎಲೆ ಇರುವ ಮೆತ್ತನೆಯ ಪದರ ಪೂರ್ತಿ ಹೋಗಬೇಕು. ಸಾಮಾನ್ಯವಾಗಿ ಇದು 100ರಿಂದ 200 ಮಿ.ಮೀ. ಇರುತ್ತದೆ. ಅಳತೆಪಟ್ಟಿ ಹಿಡಿದು ಇಷ್ಟೇ ಎಂದು ನಿಲ್ಲಿಸಬೇಡಿ, ಗಟ್ಟಿ ಮಣ್ಣು ಸಿಗುವವರೆಗೆ ಹೋಗಿ. ಅಲ್ಲಿ ಉಳಿದ ಗಿಡದ ಭಾಗ ಮುಂದೆ ಕೊಳೆತು ಕುಸಿಯುತ್ತದೆ, ಮೇಲಿನ ಡಾಂಬರೂ ಜೊತೆಗೆ ಕುಸಿಯುತ್ತದೆ. ತೆಗೆದ ಮೇಲ್ಮಣ್ಣನ್ನು ಸುಮ್ನೆ ಸಾಗಿಸಿಬಿಡಬೇಡಿ. ಕೊನೆಯಲ್ಲಿ ಅಂಚಿಗೆ ತುಂಬಲು, ಹುಲ್ಲು ಬೆಳೆಸಲು ಅದೇ ಬೇಕು.

ಅಗೆಯುವ ಅಗಲ ಡಾಂಬರಿನ ಅಗಲಕ್ಕಿಂತ ಎರಡೂ ಕಡೆ 300 ಮಿ.ಮೀ. ಜಾಸ್ತಿ ಇರಲಿ. ಇದಕ್ಕೆ ಕಾರಣ ಜಲ್ಲಿಯ ಹಂತಕ್ಕೆ ಬಂದಾಗ ಗೊತ್ತಾಗುತ್ತದೆ.

ಆಮೇಲೆ ದಮ್ಮಸ್ಸು. ಮಣ್ಣಿನ ತೇವ ಸರಿಯಾಗಿದೆಯೇ ಎಂದು ನೋಡಲು ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಬಿಗಿಯಾಗಿ ಒತ್ತಿ. ಉಂಡೆಯಾಗಿ ನಿಂತು, ಸೊಂಟದ ಎತ್ತರದಿಂದ ಬಿಟ್ಟಾಗ ಕೆಲವೇ ತುಂಡಾಗಿ ಒಡೆದರೆ ತೇವ ಸರಿಯಿದೆ. ಉಂಡೆಯೇ ಆಗದಿದ್ದರೆ ನೀರು ಚಿಮುಕಿಸಿ. ಅಂಗೈಗೆ ಅಂಟಿಕೊಂಡು ನೀರು ಬಿಟ್ಟರೆ ಒಣಗಲು ಬಿಡಿ. ಒದ್ದೆ ಮಣ್ಣಿನ ಮೇಲೆ ಎಷ್ಟು ರೋಲರ್ ಹೊಡೆದರೂ ಅದು ಅತ್ತಿತ್ತ ಅಲ್ಲಾಡುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ದೊಡ್ಡ ಕೆಲಸಗಳಲ್ಲಿ ಪ್ರಾಕ್ಟರ್ ಪರೀಕ್ಷೆಯ (ಮಣ್ಣು ಎಷ್ಟು ಗಟ್ಟಿಯಾಗಬಲ್ಲದು ಎಂದು ಪ್ರಯೋಗಾಲಯದಲ್ಲಿ ನೋಡುವ ಪರೀಕ್ಷೆ) ಗರಿಷ್ಠ ಸಾಂದ್ರತೆಯ ಶೇ. 95 ಬರಬೇಕು ಎಂದು ಕೇಳುತ್ತಾರೆ. ಸಣ್ಣ ಕೆಲಸಕ್ಕೂ ಅದೇ ಗುರಿ ಇಟ್ಟುಕೊಳ್ಳಿ.

ಆದ ಕೆಲಸವನ್ನು ಪರೀಕ್ಷಿಸಲು ಸುಲಭವಾದ, ನಂಬಬಹುದಾದ ದಾರಿ ಒಂದಿದೆ. ಲೋಡು ತುಂಬಿದ ಟ್ರಕ್ ಅಥವಾ ಟ್ರ್ಯಾಕ್ಟರ್ ಅನ್ನು ನಡಿಗೆಯ ವೇಗದಲ್ಲಿ ಅದರ ಮೇಲೆ ಓಡಿಸಿ. ನೀವು ಪಕ್ಕದಲ್ಲಿ ಬಗ್ಗಿ ಗಾಲಿಯ ಹತ್ತಿರವೇ ನೋಡುತ್ತಾ ನಡೆಯಿರಿ. ಗಾಲಿಯ ಮುಂದೆ ಮಣ್ಣು ಅಲೆಯ ಹಾಗೆ ಎದ್ದು, ಗಾಲಿ ದಾಟಿದ ಮೇಲೆ ಇಳಿದರೆ ಆ ಜಾಗದಲ್ಲಿ ಒಳಗೆ ನೀರಿದೆ. ಗಾಲಿ ಹೂತು ಗುಂಡಿ ಬಿದ್ದರೆ ಮಣ್ಣು ಸಡಿಲ ಇದೆ. ಅಂಥ ಕಡೆ ಅಗೆದು ತೆಗೆದು ಜಲ್ಲಿ ತುಂಬಿ, ಮತ್ತೆ ದಮ್ಮಸ್ಸು ಮಾಡಿ. ಮೇಲೆ ಜಾಸ್ತಿ ಡಾಂಬರು ಹಾಕಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮೆತ್ತನೆಯ ಜಾಗ ಎಷ್ಟು ವರ್ಷವಾದರೂ ಮೆತ್ತಗೇ ಇರುತ್ತದೆ.

ಜೇಡಿಮಣ್ಣು, ಅದರಲ್ಲೂ ನೆನೆದರೆ ಹಿಗ್ಗಿ ಒಣಗಿದರೆ ಕುಗ್ಗುವ ಎರೆಮಣ್ಣು ಇದ್ದರೆ ಹೆಚ್ಚು ಎಚ್ಚರ ಬೇಕು. ಬೇಸಿಗೆಯಲ್ಲಿ ಅಂಚಿನ ಮಣ್ಣು ಮೊದಲು ಒಣಗಿ ಕುಗ್ಗುತ್ತದೆ, ನಡುವಿನದು ತೇವವಾಗಿಯೇ ಇರುತ್ತದೆ. ಅದಕ್ಕೇ ಅಂಥ ಮಣ್ಣಿನ ಮೇಲಿನ ದಾರಿಯಲ್ಲಿ ಅಂಚಿಗೆ ಸಮಾನವಾಗಿ ಉದ್ದುದ್ದ ಬಿರುಕು ಕಾಣುತ್ತದೆ. ಇದಕ್ಕೆ ಮಣ್ಣಿನ ತೂಕದ ಶೇ. 3ರಿಂದ 6ರಷ್ಟು ಸುಣ್ಣ ಬೆರೆಸಿ ದಮ್ಮಸ್ಸು ಮಾಡುವುದು ಹಳೆಯ, ಪಕ್ಕಾ ಉಪಾಯ. ಸರಿಯಾದ ಪ್ರಮಾಣವನ್ನು ಮಣ್ಣಿನ ಪರೀಕ್ಷೆ ಮಾಡಿಸಿಯೇ ಗೊತ್ತು ಮಾಡಿಕೊಳ್ಳಿ. ಜೊತೆಗೆ ಮಣ್ಣು ಮತ್ತು ಜಲ್ಲಿಯ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಅದು ನೀರನ್ನು ಬಿಡುತ್ತದೆ, ಜೇಡಿ ಮೇಲೆ ಬಂದು ಜಲ್ಲಿಯ ಸಂದಿಗೆ ಸೇರದಂತೆ ತಡೆಯುತ್ತದೆ.

ನೀರಿಗೆ ದಾರಿ

ಇಡೀ ಕೆಲಸದಲ್ಲಿ ಒಂದೇ ಒಂದು ವಿಷಯಕ್ಕೆ ಗಮನ ಕೊಡಲು ಸಾಧ್ಯ ಎಂದಾದರೆ ಅದು ನೀರಾಗಿರಲಿ. ಒಣಗಿದ ಮಣ್ಣಿನ ಮೇಲಿನ ಸಾಧಾರಣ ದಾರಿ ಬಾಳುತ್ತದೆ. ನೆನೆದ ಮಣ್ಣಿನ ಮೇಲಿನ ದುಬಾರಿ ದಾರಿ ಬಾಳುವುದಿಲ್ಲ.

ದಾರಿಯ ಮೇಲ್ಮೈ ಸುತ್ತಲಿನ ನೆಲಕ್ಕಿಂತ ಸ್ವಲ್ಪವಾದರೂ ಎತ್ತರದಲ್ಲಿರಲಿ. ನೆಲವನ್ನು ಅಗೆದು ತೊಟ್ಟಿಯಂತೆ ಮಾಡಿ ಅದರೊಳಗೆ ಜಲ್ಲಿ ತುಂಬಿದರೆ ಸುತ್ತಲಿನ ನೀರೆಲ್ಲ ಅಲ್ಲೇ ಬಂದು ಸೇರುತ್ತದೆ, ಹೋಗಲು ದಾರಿ ಇರುವುದಿಲ್ಲ. ಆದ್ದರಿಂದ ಜಲ್ಲಿಯ ಅಡಿಯ ಮಣ್ಣಿಗೂ ಮೇಲ್ಮೈಯ ಹಾಗೆಯೇ ಶೇ. 2 ಇಳಿಜಾರು ಕೊಡಿ. ಹೊರಗಿನ ಪಕ್ಕದಲ್ಲಿ ಜಲ್ಲಿಯ ಪದರ ಚರಂಡಿಗೆ ತೆರೆದುಕೊಂಡಿರಲಿ.

ಇಳಿಜಾರಿನಲ್ಲಿ ಅಡ್ಡಲಾಗಿ ಹೋಗುವ ದಾರಿಯಾದರೆ ಮೇಲಿನಿಂದ ಬರುವ ನೀರನ್ನು ದಾರಿಗೆ ಬರುವ ಮೊದಲೇ ಹಿಡಿಯಬೇಕು. ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ತಗ್ಗು ಚರಂಡಿ ತೆಗೆಯಿರಿ, ಅದರ ತಳ ಜಲ್ಲಿಯ ಅಡಿಗಿಂತ ಕೆಳಗಿರಲಿ. ಚರಂಡಿಯ ನೀರನ್ನು ಅಲ್ಲಲ್ಲಿ ಮೋರಿಯ ಮೂಲಕ ದಾರಿಯ ಅಡಿಯಿಂದ ಆಚೆಗೆ ಬಿಡಿ. ಮೋರಿಯ ಪೈಪ್ 300 ಮಿ.ಮೀ. ವ್ಯಾಸಕ್ಕಿಂತ ಸಣ್ಣದಾದರೆ ಎಲೆ, ಕಡ್ಡಿ ಕಟ್ಟಿಕೊಂಡು ಮುಚ್ಚಿಹೋಗುತ್ತದೆ, ಬಿಡಿಸುವುದೂ ಕಷ್ಟ. ಪೈಪಿನ ನೀರು ಬೀಳುವ ಜಾಗದಲ್ಲಿ ದಪ್ಪ ಕಲ್ಲು ಜೋಡಿಸಿ. ಇಲ್ಲದಿದ್ದರೆ ಅಲ್ಲಿ ಕೊರಕಲು ಬಿದ್ದು, ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತಾ ದಾರಿಯ ಬುಡಕ್ಕೇ ಬರುತ್ತದೆ.

ನೆಲದೊಳಗಿನಿಂದಲೇ ನೀರು ಜಿನುಗುವ ಕಡೆ ಮೇಲಿನ ಚರಂಡಿ ಸಾಲದು. ಅಲ್ಲಿ ತೂತಿನ ಪೈಪನ್ನು ಬಟ್ಟೆ ಸುತ್ತಿದ ಜಲ್ಲಿಯೊಳಗೆ ಹೂತು, ಅದರ ಬಾಯಿಯನ್ನು ತಗ್ಗಿನ ಕಡೆ ಬಿಡಬೇಕು. ಚಳಿಗೆ ನೆಲ ಹೆಪ್ಪುಗಟ್ಟುವ ಊರುಗಳಲ್ಲಿ ಇದು ಇನ್ನೂ ಮುಖ್ಯ. ಅಡಿಯ ನೀರು ಮಂಜುಗಡ್ಡೆಯಾಗಿ ಉಬ್ಬಿ ಡಾಂಬರನ್ನೇ ಎತ್ತುತ್ತದೆ, ಕರಗಿದಾಗ ಅಡಿ ಮೆತ್ತಗಾಗಿ ಕೂರುತ್ತದೆ.

ಮರ ಮತ್ತು ಬೇರು

ಡಾಂಬರಿನ ಅಡಿಯಲ್ಲಿ ತಂಪಿದೆ, ತೇವ ಇದೆ, ಜಲ್ಲಿಯ ಸಂದಿಯಲ್ಲಿ ಗಾಳಿಯೂ ಇದೆ. ಬೇರಿಗೆ ಇನ್ನೇನು ಬೇಕು, ಅಲ್ವಾ? ಜಲ್ಲಿ ಮತ್ತು ಗಟ್ಟಿ ಮಣ್ಣಿನ ನಡುವಿನ ಸಂದಿಯಲ್ಲಿ ತೆಳ್ಳಗೆ ಹೊಕ್ಕ ಬೇರು ವರ್ಷವರ್ಷ ದಪ್ಪವಾಗುತ್ತಾ ಮೇಲಿನದನ್ನು ಎತ್ತುತ್ತದೆ. ಡಾಂಬರಿನ ದಪ್ಪ ಹೆಚ್ಚಿಸಿ ಇದನ್ನು ತಡೆಯಲಾಗುವುದಿಲ್ಲ.

ಮೊದಲ ಉಪಾಯ ದೂರ. ದಾರಿಯನ್ನು ಸ್ವಲ್ಪ ಬಾಗಿಸಿದರೆ ಮರದಿಂದ ದೂರ ಹೋಗುತ್ತದೆ ಎಂದಾದರೆ ಬಾಗಿಸಿ. ಆಗದಿದ್ದರೆ ದಾರಿಯ ಅಂಚಿಗೆ ಗಟ್ಟಿ ಪ್ಲಾಸ್ಟಿಕ್‌ನ ಬೇರುತಡೆಯನ್ನು 450ರಿಂದ 600 ಮಿ.ಮೀ. ಆಳಕ್ಕೆ ನಿಲ್ಲಿಸಿ. ಅದರ ಮೇಲಿನ ಅಂಚು ನೆಲದ ಮಟ್ಟಕ್ಕೆ ಬರಲೇಬೇಕು, ಒಳಗೆ ಹೂತುಹೋದರೆ ಬೇರು ಮೇಲಿನಿಂದ ಹತ್ತಿ ದಾಟುತ್ತದೆ. ಬುಡದ ಹತ್ತಿರದ ದಪ್ಪ ಬೇರುಗಳನ್ನು ಕಡಿಯಬೇಡಿ. ಮರಕ್ಕೆ ನಿಂತುಕೊಳ್ಳುವ ಶಕ್ತಿ ಕೊಡುವುದೇ ಅವು. ಕಡಿದ ಮರ ಮುಂದಿನ ಗಾಳಿಮಳೆಗೆ ಉರುಳಬಹುದು. ದೊಡ್ಡ ಮರದ ಪಕ್ಕದಲ್ಲೇ ಹೋಗಬೇಕಾದರೆ ಅಲ್ಲಿ ಅಗೆಯುವುದನ್ನೇ ಬಿಡಿ. ನೆಲದ ಮೇಲೆಯೇ ಬಟ್ಟೆ ಹಾಸಿ, ಪುಡಿ ಇಲ್ಲದ ದಪ್ಪ ಜಲ್ಲಿ ಹಾಕಿ, ದಾರಿಯನ್ನು ಎತ್ತರಿಸಿಕೊಂಡು ದಾಟಿಸಿ. ಬೇರೂ ಉಳಿಯುತ್ತದೆ, ದಾರಿಯೂ ಉಳಿಯುತ್ತದೆ.

ಸಣ್ಣ ಗಿಡಗಳನ್ನು ಕಡೆಗಣಿಸಬೇಡಿ. ಜೇಕಿನ ಚೂಪು ಮೊಳಕೆ ತೆಳು ಡಾಂಬರನ್ನು ಸೀಳಿಕೊಂಡು ಮೇಲೆ ಬರುತ್ತದೆ. ಗಡ್ಡೆ ಸಮೇತ ತೆಗೆಯಲು ಮಣ್ಣಿನ ಕೆಲಸದ ಹಂತದಲ್ಲೇ ಅವಕಾಶ ಇರುವುದು.

ಜಲ್ಲಿಯ ಪದರ

ಒಡೆದ, ಚೂಪು ಅಂಚಿನ ಜಲ್ಲಿ ಬೇಕು. 20ರಿಂದ 25 ಮಿ.ಮೀ. ಗಾತ್ರದಿಂದ ಹಿಡಿದು ಪುಡಿಯವರೆಗೆ ಎಲ್ಲ ಅಳತೆಯದೂ ಬೆರೆತಿರಲಿ. ಹೊಳೆಯ ಗುಂಡುಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಎಷ್ಟು ಒತ್ತಿದರೂ ಜಾರುತ್ತದೆ. ಒಳ್ಳೆಯ ಮಣ್ಣಿನ ಮೇಲೆ 100 ಮಿ.ಮೀ. ಸಾಕು, ಸಾಧಾರಣ ಮಣ್ಣಿಗೆ 150, ಕೆಟ್ಟ ಮಣ್ಣಿಗೆ ಅಥವಾ ಗಾಡಿ ಬರುವ ಕಡೆ 200 ಮಿ.ಮೀ. ಒಂದು ಸಲಕ್ಕೆ 150 ಮಿ.ಮೀ.ಗಿಂತ ದಪ್ಪ ಪದರವನ್ನು ದಮ್ಮಸ್ಸು ಮಾಡಬೇಡಿ, ಸಣ್ಣ ರೋಲರ್‌ನ ಒತ್ತಡ ಅಡಿಯವರೆಗೆ ಮುಟ್ಟುವುದಿಲ್ಲ.

ಈ ಪದರ ಡಾಂಬರಿನ ಅಂಚಿನಿಂದ ಹೊರಗೆ ಎರಡೂ ಕಡೆ ಕನಿಷ್ಠ 150, ಸಾಧ್ಯವಾದರೆ 300 ಮಿ.ಮೀ. ಚಾಚಿರಬೇಕು. ಅಂಚಿನ ಮೇಲೆ ಗಾಲಿ ಬಂದಾಗ ಭಾರ ಅಡಿಗೆ ಹೋಗುತ್ತಾ ಪಕ್ಕಕ್ಕೂ ಹರಡುತ್ತದೆ. ಜಲ್ಲಿ ಅಂಚಿಗೇ ಮುಗಿದುಹೋಗಿದ್ದರೆ ಆ ಭಾರ ಹೋಗುವುದು ಮೆತ್ತನೆಯ ಮಣ್ಣಿಗೆ. ಡಾಂಬರಿನ ಅಂಚು ಬಿಸ್ಕತ್ತಿನ ಹಾಗೆ ಮುರಿಯುವುದು ಇದರಿಂದಲೇ. ಹಣ ಉಳಿಸಲು ಎಲ್ಲರೂ ಮೊದಲು ಕತ್ತರಿಸುವುದು ಈ 300 ಮಿ.ಮೀ. ಜಲ್ಲಿಯನ್ನೇ. ದಯವಿಟ್ಟು ಬೇರೆ ಎಲ್ಲಾದರೂ ಉಳಿಸಿ, ಇಲ್ಲಿ ಬೇಡ.

ಲೆಕ್ಕ ಹೀಗೆ: 100 ಮೀಟರ್ ಉದ್ದ, 2 ಮೀಟರ್ ಅಗಲದ ದಾರಿಗೆ ಜಲ್ಲಿ 2.6 ಮೀಟರ್ ಅಗಲಕ್ಕೆ ಬೇಕು. 150 ಮಿ.ಮೀ. ದಪ್ಪಕ್ಕೆ 39 ಘನ ಮೀಟರ್ ಆಗುತ್ತದೆ. ದಮ್ಮಸ್ಸಾದ ಜಲ್ಲಿಯ ತೂಕ ಘನ ಮೀಟರ್‌ಗೆ ಸುಮಾರು 2.2 ಟನ್ ಎಂದು ಹಿಡಿದರೆ 86 ಟನ್. ಡಾಂಬರು 50 ಮಿ.ಮೀ. ದಪ್ಪಕ್ಕೆ 10 ಘನ ಮೀಟರ್, ಘನ ಮೀಟರ್‌ಗೆ 2.4 ಟನ್‌ನಂತೆ 24 ಟನ್. ಚೆಲ್ಲಿ ಹೋಗುವುದಕ್ಕೆ ಇನ್ನೊಂದು ಟನ್ ಸೇರಿಸಿಕೊಳ್ಳಿ.

ಯಾವ ಮಿಶ್ರಣ ಕೇಳಬೇಕು

ಇಲ್ಲಿ ಕಾಲುದಾರಿಗೂ ರಸ್ತೆಗೂ ಇರುವ ದೊಡ್ಡ ವ್ಯತ್ಯಾಸ ಬರುತ್ತದೆ. ರಸ್ತೆಯ ಡಾಂಬರನ್ನು ರೋಲರ್ ಪೂರ್ತಿ ಬಿಗಿ ಮಾಡದಿದ್ದರೂ ಮುಂದಿನ ಎರಡು ಮೂರು ವರ್ಷ ವಾಹನಗಳೇ ಒತ್ತಿ ಒತ್ತಿ ಬಿಗಿ ಮಾಡುತ್ತವೆ. ಕಾಲುದಾರಿಗೆ ಆ ಭಾಗ್ಯ ಇಲ್ಲ. ರೋಲರ್ ಬಿಟ್ಟುಹೋದ ಸ್ಥಿತಿಯಲ್ಲೇ ಅದು ಕೊನೆಯವರೆಗೆ ಇರುತ್ತದೆ. ಒಳಗೆ ಗಾಳಿಯ ಸಂದಿ ಶೇ. 8 ದಾಟಿದರೆ ಸಂದಿಗಳು ಒಂದಕ್ಕೊಂದು ಸೇರಿಕೊಂಡು ನೀರು, ಗಾಳಿ ಎರಡೂ ಒಳಗೆ ಹೋಗುತ್ತವೆ. ಆಗ ಬಿಟುಮೆನ್ ಬೇಗ ಗಡುಸಾಗುತ್ತದೆ, ಜಲ್ಲಿ ಉದುರಲು ಶುರುವಾಗುತ್ತದೆ.

ಆದ್ದರಿಂದ ಡಾಂಬರು ಮಿಶ್ರಣ ತಯಾರಿಸುವ ಪ್ಲಾಂಟ್‌ನವರ ಹತ್ತಿರ ಹೆದ್ದಾರಿಯ ಮಿಶ್ರಣ ಕೇಳಬೇಡಿ. ಕಡಿಮೆ ಸಂಚಾರಕ್ಕೆ ಮಾಡುವ, ಸಣ್ಣ ಕಡಿಯ ಮಿಶ್ರಣ ಕೇಳಿ. ದೊಡ್ಡ ಕಲ್ಲು 9.5 ಅಥವಾ 12.5 ಮಿ.ಮೀ. ಮೀರದಿರಲಿ. ಪದರದ ದಪ್ಪ ಕಲ್ಲಿನ ಗಾತ್ರದ 3ರಿಂದ 4 ಪಟ್ಟು ಇದ್ದರೆ ಮಾತ್ರ ಚೆನ್ನಾಗಿ ಬಿಗಿಯಾಗುತ್ತದೆ. 19 ಮಿ.ಮೀ. ಕಲ್ಲಿನ ಮಿಶ್ರಣವನ್ನು 50 ಮಿ.ಮೀ.ಗೆ ಹಾಕಿದರೆ ಕಲ್ಲುಗಳು ಎಳೆದಾಡಿ ಮೇಲ್ಮೈ ಒರಟಾಗುತ್ತದೆ. ಬಿಟುಮೆನ್ ಪ್ರಮಾಣ ಸ್ವಲ್ಪ ಜಾಸ್ತಿ ಇರಲಿ, ಜಾತಿ ಸ್ವಲ್ಪ ಮೆತ್ತಗಿರಲಿ. ರಸ್ತೆಯಲ್ಲಾದರೆ ಇದರಿಂದ ಗಾಲಿ ಜಾಡು ಬೀಳುತ್ತದೆ ಎಂಬ ಭಯ. ಇಲ್ಲಿ ಆ ಭಯ ಕಡಿಮೆ, ಬಿರುಕಿನ ಭಯವೇ ಹೆಚ್ಚು.

ಹಾಕುವ ದಿನ

ಮಳೆಯ ದಿನ ಬೇಡ, ಒದ್ದೆ ಜಲ್ಲಿಯ ಮೇಲೆ ಬೇಡ, ಹವೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಬೇಡ. ಗಾಳಿ ಜೋರಾಗಿ ಬೀಸಿದರೂ ತೆಳು ಪದರ ಬೇಗ ಆರುತ್ತದೆ. ಜಲ್ಲಿಯ ಮೇಲೆ ಪ್ರೈಮ್ ಕೋಟ್ (ಜಲ್ಲಿಗೆ ಇಂಗುವ ತೆಳು ಬಿಟುಮೆನ್ ಲೇಪ) ಹೊಡೆದಿದ್ದರೆ ಅದು ಇಂಗಿ ಒಣಗಿರಬೇಕು. ಡಾಂಬರನ್ನು ಎರಡು ಪದರವಾಗಿ ಹಾಕುವುದಾದರೆ ನಡುವೆ ತೆಳುವಾಗಿ ಟ್ಯಾಕ್ ಕೋಟ್, ಅಂದರೆ ಎರಡನ್ನೂ ಅಂಟಿಸುವ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಬಿಟುಮೆನ್) ಲೇಪ ಬೇಕು. ಎಮಲ್ಷನ್ ಕಂದು ಬಣ್ಣದಿಂದ ಕಪ್ಪಿಗೆ ತಿರುಗಿದ ಮೇಲೆಯೇ ಮುಂದುವರಿಯಿರಿ.

ಲಾರಿ ಬಂದ ತಕ್ಷಣ ಸುರಿಯಲು ಬಿಡಬೇಡಿ. ಹತ್ತಿ ನೋಡಿ. ಮಿಶ್ರಣದಿಂದ ನೀಲಿ ಹೊಗೆ ಬರುತ್ತಿದ್ದರೆ ಅತಿಯಾಗಿ ಕಾಯಿಸಿದ್ದಾರೆ, ಬಿಟುಮೆನ್ ಆಗಲೇ ಸುಟ್ಟು ಗಡುಸಾಗಿದೆ. ಬಿಳಿ ಆವಿ ಏಳುತ್ತಿದ್ದರೆ ಜಲ್ಲಿಯಲ್ಲಿ ನೀರು ಉಳಿದಿದೆ. ರಾಶಿ ಗುಡ್ಡೆಯಾಗಿ ನಿಲ್ಲದೆ ಚಪ್ಪಟೆಯಾಗಿ ಹರಡಿ ಜಾಸ್ತಿ ಮಿರುಗುತ್ತಿದ್ದರೆ ಬಿಟುಮೆನ್ ಹೆಚ್ಚಾಗಿದೆ. ಹೊಳಪೇ ಇಲ್ಲದೆ ಕಂದಾಗಿ ಒಣಗಿದಂತಿದ್ದರೆ ಕಡಿಮೆಯಾಗಿದೆ. ಮೇಲೆ ಹೆಪ್ಪಿನಂತೆ ಗಟ್ಟಿ ಪದರ ಕಟ್ಟಿದ್ದರೆ ಆರಿದೆ. ಥರ್ಮಾಮೀಟರ್ ಚುಚ್ಚಿ ನೋಡಿ: ಹರಡುವಾಗ 135ರಿಂದ 150 ಡಿಗ್ರಿ ಇರಬೇಕು. ಆರಿದ ಲೋಡನ್ನು ವಾಪಸ್ ಕಳಿಸಲು ಹಿಂಜರಿಯಬೇಡಿ.

ಪೇವರ್ ಯಂತ್ರ ಸಿಕ್ಕರೆ ಇಡೀ ಅಗಲವನ್ನು ಒಂದೇ ಸಲಕ್ಕೆ ಹಾಕಿ, ಉದ್ದದ ಜೋಡಣೆಯ ಗೆರೆಯೇ ಇರುವುದಿಲ್ಲ. ಕೈಯಲ್ಲಿ ಹರಡುವುದಾದರೆ ಸಲಿಕೆಯಿಂದ ದೂರಕ್ಕೆ ಎಸೆಯಬೇಡಿ. ದಪ್ಪ ಕಲ್ಲು ಒಂದು ಕಡೆ, ಪುಡಿ ಒಂದು ಕಡೆ ಆಗುತ್ತದೆ. ಹತ್ತಿರ ಸುರಿದು ರೇಕ್‌ನಿಂದ ನಯವಾಗಿ ಎಳೆಯಿರಿ.

ರೋಲರ್ ಹಿಂದೆಯೇ ಬರಬೇಕು. 1ರಿಂದ 3 ಟನ್ ತೂಕದ, ಕಂಪಿಸುವ ಎರಡು ಡ್ರಮ್‌ನ ರೋಲರ್ ಕಾಲುದಾರಿಗೆ ಸರಿಯಾಗುತ್ತದೆ. ತಗ್ಗಿನ ಅಂಚಿನಿಂದ ಶುರು ಮಾಡಿ ಎತ್ತರದ ಕಡೆಗೆ ಹೋಗಿ. ಪ್ರತಿ ಸಾಲೂ ಹಿಂದಿನದರ ಮೇಲೆ 150 ಮಿ.ಮೀ. ಬರಲಿ. ಡ್ರಮ್‌ಗೆ ಅಂಟದಂತೆ ನೀರು ಬಿಡಿ, ಡೀಸೆಲ್ ಮಾತ್ರ ಬಳಿಯಬೇಡಿ. ಅದು ಬಿಟುಮೆನ್ ಅನ್ನೇ ಕರಗಿಸುತ್ತದೆ, ತೊಟ್ಟಿಕ್ಕಿದ ಕಡೆಯೆಲ್ಲ ಮುಂದೆ ಗುಂಡಿ. ಬಿಸಿ ಡಾಂಬರಿನ ಮೇಲೆ ರೋಲರ್ ನಿಲ್ಲಿಸಲೂಬಾರದು. ಶಾಖ 80 ಡಿಗ್ರಿಗೆ ಇಳಿಯುವುದರೊಳಗೆ ಬಿಗಿ ಮಾಡುವ ಕೆಲಸ ಮುಗಿಯಬೇಕು. ಆಮೇಲೆ ಹೊಡೆದರೆ ಗುರುತು ಹೋಗಬಹುದು, ಸಾಂದ್ರತೆ ಏರುವುದಿಲ್ಲ. 50 ಮಿ.ಮೀ. ಪದರಕ್ಕೆ ಸಿಗುವ ಸಮಯ ತುಂಬಾ ಕಡಿಮೆ. ಹಾಗಾಗಿ ಜನ, ಯಂತ್ರ, ನೀರು ಎಲ್ಲ ಲಾರಿ ಬರುವ ಮೊದಲೇ ಸಿದ್ಧವಾಗಿರಲಿ.

ಅಂಚಿಗೆ ಪ್ರತ್ಯೇಕವಾಗಿ ಒಬ್ಬರನ್ನು ನಿಲ್ಲಿಸಿ. ರೋಲರ್ ಬರುವ ಮೊದಲೇ ಅವರು ಸಲಿಕೆಯ ಬೆನ್ನಿನಿಂದ ಅಥವಾ ಕೈ ದಮ್ಮಸ್ಸಿನಿಂದ ಅಂಚನ್ನು 45 ಡಿಗ್ರಿ ಓರೆಯಾಗಿ ತಟ್ಟಿ ಗಟ್ಟಿ ಮಾಡುತ್ತಾ ಹೋಗಬೇಕು. ನೆಟ್ಟಗೆ ಕತ್ತರಿಸಿದಂತಿರುವ ಅಂಚು ಬೇಗ ಉದುರುತ್ತದೆ. ಓರೆ ಅಂಚಿಗೆ ಅಡಿಯಿಂದ ಆಧಾರ ಸಿಗುತ್ತದೆ. ನಂತರ 3 ಮೀಟರ್ ಉದ್ದದ ನೇರ ಪಟ್ಟಿಯನ್ನು ಇಟ್ಟು ನೋಡಿ, ಅಡಿಯಲ್ಲಿ 6 ಮಿ.ಮೀ.ಗಿಂತ ಜಾಸ್ತಿ ಸಂದಿ ಕಂಡರೆ ಬಿಸಿ ಇರುವಾಗಲೇ ಸರಿಮಾಡಿ.

ಹಾಕಿದ ಮೇಲೆ

ಪೂರ್ತಿ ಆರಿದ ಮೇಲೆ, ಅಂದರೆ ಮಾರನೆಯ ದಿನ, ಜನ ನಡೆಯಬಹುದು. ಗಾಡಿಯನ್ನು ಇನ್ನೂ ಎರಡು ಮೂರು ದಿನ ಬಿಡಬೇಡಿ. ಎತ್ತಿಟ್ಟ ಮೇಲ್ಮಣ್ಣನ್ನು ಅಂಚಿಗೆ ತುಂಬಿ ಒತ್ತಿ. ಮಣ್ಣಿನ ಮಟ್ಟ ಡಾಂಬರಿಗಿಂತ 25 ಮಿ.ಮೀ. ಕೆಳಗಿರಲಿ. ಹುಲ್ಲು ಬೆಳೆದು ದಟ್ಟವಾದಾಗ ಮಟ್ಟ ತಾನೇ ಏರುತ್ತದೆ. ಈಗಲೇ ಸಮಮಟ್ಟಕ್ಕೆ ತುಂಬಿದರೆ ಮುಂದೆ ಹುಲ್ಲೇ ಒಡ್ಡಾಗಿ ನೀರನ್ನು ದಾರಿಯ ಮೇಲೆ ನಿಲ್ಲಿಸುತ್ತದೆ.

ಪ್ರತಿ ಮಳೆಗಾಲಕ್ಕೆ ಮೊದಲು ಚರಂಡಿ, ಮೋರಿ ಬಿಡಿಸಿ. ಅಂಚಿನಲ್ಲಿ ಏರಿದ ಹುಲ್ಲಿನ ದಿಬ್ಬವನ್ನು ಕೆರೆದು ತೆಗೆಯಿರಿ. ಕೊಳೆತ ಎಲೆ ತೇವ ಹಿಡಿದಿಡುತ್ತದೆ, ಜಾರಿಸುತ್ತದೆ ಕೂಡ, ಗುಡಿಸುತ್ತಿರಿ. ಬಿರುಕು 3ರಿಂದ 6 ಮಿ.ಮೀ. ಅಗಲವಾದಾಗಲೇ ಸ್ವಚ್ಛ ಮಾಡಿ, ಒಣಗಿಸಿ, ಬಿಸಿ ಸೀಲೆಂಟ್ ತುಂಬಿ. ಮೇಲ್ಮೈ ಕಪ್ಪಿನಿಂದ ಬೂದಿ ಬಣ್ಣಕ್ಕೆ ತಿರುಗಿ ಸಣ್ಣ ಕಡಿ ಬಿಡಿಬಿಡಿಯಾಗಿ ಕಾಣತೊಡಗಿದರೆ ಎಮಲ್ಷನ್‌ನ ತೆಳು ಸೀಲ್ ಕೋಟ್ ಹೊಡೆಯುವ ಸಮಯ ಬಂದಿದೆ. ಇಳಿಜಾರಿನಲ್ಲಿ ಅದರ ಮೇಲೆ ಒರಟು ಮರಳು ಉದುರಿಸಿ, ಇಲ್ಲದಿದ್ದರೆ ಮಳೆಯಲ್ಲಿ ಕಾಲು ಜಾರುತ್ತದೆ.

ಬಿರುಕು ಬಲೆಯಂತೆ ಹೆಣೆದುಕೊಂಡಿದ್ದರೆ ಸೀಲ್ ಕೋಟ್‌ನಿಂದ ಪ್ರಯೋಜನವಿಲ್ಲ. ಅದು ಅಡಿ ಸೋತ ಗುರುತು. ಆ ತುಂಡನ್ನು ನೇರವಾಗಿ ಕತ್ತರಿಸಿ, ಜಲ್ಲಿಯವರೆಗೆ ಅಗೆದು, ನೀರು ಎಲ್ಲಿಂದ ಬಂತೆಂದು ಹುಡುಕಿ ಅದನ್ನು ಮೊದಲು ನಿಲ್ಲಿಸಿ. ಆಮೇಲೆ ಜಲ್ಲಿ ತುಂಬಿ ದಮ್ಮಸ್ಸು ಮಾಡಿ, ಕತ್ತರಿಸಿದ ಅಂಚಿಗೆ ಟ್ಯಾಕ್ ಬಳಿದು, ಬಿಸಿ ಮಿಶ್ರಣ ಹಾಕಿ ರೋಲರ್ ಹೊಡೆಯಿರಿ. ಹೊಸದು ಹಳೆಯದರ ಮಟ್ಟಕ್ಕೆ ಸರಿಯಾಗಿ ಕೂತಿದೆಯೇ ಎಂದು ಪಟ್ಟಿ ಇಟ್ಟು ನೋಡಿ, ಸೇರುವ ಗೆರೆಯ ಮೇಲೆ ಸೀಲೆಂಟ್ ಎಳೆಯಿರಿ.